ಮನೆ ಸಬ್ಸಿಡಿ, ಗೃಹಲಕ್ಷ್ಮಿ, ಗೃಹಜ್ಯೋತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರಲ್ಲಿ ಅಪ್ಪನ ಹೆಸರಿನಲ್ಲಿ ತಾರಸಿ ಮನೆ ಇದೆ. ನಾನು, ಹೆಂಡತಿ ಹುಬ್ಬಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಇಬ್ಬರ ಆದಾಯ ಸೇರಿ ವರ್ಷಕ್ಕೆ 5.5 ಲಕ್ಷ. 28 ಲಕ್ಷದ ಫ್ಲ್ಯಾಟಿಗೆ 20 ಲಕ್ಷ ಸಾಲ ಮಾಡಲಿದ್ದೇವೆ. ಪಿಎಂ ಆವಾಸ್‌ನಲ್ಲಿ 2.67 ಲಕ್ಷ ಸಿಗುತ್ತದೆ ಎಂದು ಏಜೆಂಟ್ ಹೇಳುತ್ತಿದ್ದಾರೆ. ಅಪ್ಪನ ಮನೆ ಅಡ್ಡಿಯಾದೀತೆ?
– ಓದುಗರು, ಹುಬ್ಬಳ್ಳಿ

ಉತ್ತರ: 2.67 ಲಕ್ಷದ ಲೆಕ್ಕ ಹಳೆಯದು. ಆ ಯೋಜನೆ ನಿಮ್ಮಂಥ ಆದಾಯದವರಿಗೆ 2022ರ ಮಾರ್ಚ್ 31ಕ್ಕೇ ಮುಗಿಯಿತು. ಇನ್ನೂ ಅದನ್ನೇ ಹೇಳುವ ಏಜೆಂಟರಿಗೆ ಮುಂಗಡ ಕೊಡಬೇಡಿ. ಈಗಿರುವುದು ನಗರ ಆವಾಸ್ 2.0ರ ಬಡ್ಡಿ ಸಬ್ಸಿಡಿ. 2024ರ ಸೆಪ್ಟೆಂಬರ್ 1ರಿಂದೀಚೆ ಮಂಜೂರಾಗಿ ಬಿಡುಗಡೆಯಾದ ಸಾಲಕ್ಕೆ ಮಾತ್ರ ಇದು ಅನ್ವಯ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ, ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ಮೀರಬಾರದು. ನೀವು ಮೂರರಲ್ಲೂ ಮಿತಿಯೊಳಗೇ ಇದ್ದೀರಿ.

ಅಪ್ಪನ ಮನೆ ಅಡ್ಡಿಯಲ್ಲ. ಈ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅಷ್ಟೇ. ಇವರಲ್ಲಿ ಯಾರ ಹೆಸರಿನಲ್ಲೂ ದೇಶದ ಎಲ್ಲೂ ಪಕ್ಕಾ ಮನೆ ಇರಬಾರದು. ಆದರೆ ಊರಿನ ಮನೆಯ ಖಾತೆಗೆ ನಿಮ್ಮ ಹೆಸರೂ ಸೇರಿದೆಯೇ ಎಂದು ಪಂಚಾಯಿತಿಯಲ್ಲಿ ಒಮ್ಮೆ ನೋಡಿಸಿ. ಸೇರಿದ್ದರೆ ‘ಮನೆ ಇಲ್ಲ’ ಎಂಬ ಮುಚ್ಚಳಿಕೆಗೆ ಸಹಿ ಹಾಕುವುದು ಅಪಾಯ. ಕಳೆದ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯಡಿ ನಿಮ್ಮ ಕುಟುಂಬಕ್ಕೆ ಮನೆ ಸಿಕ್ಕಿದ್ದರೂ ಅರ್ಹತೆ ಇಲ್ಲ.

ಇನ್ನು ಹಣದ ಮಾತು. ಸಬ್ಸಿಡಿ ಇಡೀ 20 ಲಕ್ಷಕ್ಕಲ್ಲ, ಮೊದಲ 8 ಲಕ್ಷಕ್ಕೆ ಮಾತ್ರ. ಶೇ 4ರ ದರ, ಹೆಚ್ಚೆಂದರೆ 12 ವರ್ಷದ ಅವಧಿ. ಒಟ್ಟು ಗರಿಷ್ಠ 1.80 ಲಕ್ಷ. ಹಳೆಯ ಯೋಜನೆಯಲ್ಲಿ ಇಡೀ ಮೊತ್ತ ಒಂದೇ ಸಲ ಸಾಲದ ಖಾತೆಗೆ ಬೀಳುತ್ತಿತ್ತು. ಈಗ ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ, ಅಂದರೆ ಪೂರ್ತಿ ಸಿಕ್ಕಿದರೂ ವರ್ಷಕ್ಕೆ ಸರಾಸರಿ 36 ಸಾವಿರ. ಇಲ್ಲೇ ಬಹಳ ಜನ ಎಡವುವುದು. ಪ್ರತಿ ಕಂತು ಬಿಡುಗಡೆಯಾಗುವಾಗಲೂ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ನಿವೇಶನವನ್ನೋ ಒಡವೆಯನ್ನೋ ಮಾರಿ ಮೂರನೇ ವರ್ಷಕ್ಕೆ 12 ಲಕ್ಷ ಕಟ್ಟಿಬಿಟ್ಟರೆ ಉಳಿದ ಕಂತುಗಳು ಕೈತಪ್ಪುತ್ತವೆ. ಹಾಗಂತ ಸಬ್ಸಿಡಿಯ ಆಸೆಗೆ ಸಾಲ ಎಳೆಯಬೇಕೆಂದೂ ಅಲ್ಲ. ಬೇಗ ಕಟ್ಟಿದರೆ ಉಳಿಯುವ ಬಡ್ಡಿ ಎಷ್ಟು, ತಪ್ಪುವ ಕಂತು ಎಷ್ಟು ಎಂದು ಕೂಡಿ ಕಳೆದು ನೋಡಿ.

ಪ್ರಶ್ನೆ: ಆರು ತಿಂಗಳು ಬಂದ ಗೃಹಲಕ್ಷ್ಮಿ ಹಣ ನಿಂತುಹೋಗಿದೆ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆಯಲ್ಲಮ್ಮ’ ಎನ್ನುತ್ತಾರೆ.
– ಓದುಗರು, ಚಳ್ಳಕೆರೆ

ಉತ್ತರ: ಮೊದಲು ಅಕ್ಕಪಕ್ಕದ ಮನೆಯವರಿಗೆ ಬಂದಿದೆಯೇ ಕೇಳಿ. ಸರ್ಕಾರವೇ ಕಂತನ್ನು ತಡವಾಗಿ ಬಿಡುಗಡೆ ಮಾಡಿದ್ದುಂಟು. ಹಾಗಿದ್ದರೆ ಓಡಾಟ ವ್ಯರ್ಥ.

ನಿಮಗೊಬ್ಬರಿಗೇ ನಿಂತಿದ್ದರೆ, ಬ್ಯಾಂಕಿನವರು ಹೇಳುವ ‘ಲಿಂಕ್’ ಯಾವುದೆಂದು ತಿಳಿಯಬೇಕು. ಖಾತೆಯ ಕೆವೈಸಿಗೆ ಆಧಾರ್ ಕೊಟ್ಟಿರುವುದು ಒಂದು. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಮೂದಾಗಿರುವುದು ಇನ್ನೊಂದು. ಹಣಕ್ಕೆ ಬೇಕಿರುವುದು ಎರಡನೆಯದು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದೇ ಊರ್ಜಿತ. ಮೊಬೈಲ್ ಅಂಗಡಿಯಲ್ಲಿ ಬೆರಳೊತ್ತಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರೆ ಹಣ ಅಲ್ಲಿಗೆ ಬೀಳುತ್ತಿರಬಹುದು.

ಮೈಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ, ಒಟಿಪಿ ಕೊಟ್ಟು ಒಳಹೋಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು, ಅದು ಸಕ್ರಿಯವೋ ಅಲ್ಲವೋ ಎಲ್ಲ ಕಾಣುತ್ತದೆ. ಸಕ್ರಿಯ ಅಲ್ಲದಿದ್ದರೆ ಅಥವಾ ಬೇರೆ ಬ್ಯಾಂಕ್ ಕಂಡರೆ, ನಿಮಗೆ ಬೇಕಾದ ಶಾಖೆಯಲ್ಲಿ ‘ಡಿಬಿಟಿಗೆ ಆಧಾರ್ ಸೀಡಿಂಗ್’ (ಸರ್ಕಾರದ ಹಣ ನೇರ ಖಾತೆಗೆ ಬರಲು ಆಧಾರ್ ಜೋಡಣೆ) ಎಂದೇ ಕೇಳಿ ಒಪ್ಪಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ‘ಆಧಾರ್ ಲಿಂಕ್ ಮಾಡಿ’ ಎಂದರೆ ಮತ್ತೆ ಅದೇ ಉತ್ತರ ಬರುತ್ತದೆ. ಎಲ್ಲ ಸರಿಯಿದ್ದೂ ಹಣ ಬಾರದಿದ್ದರೆ ತೊಡಕು ಬ್ಯಾಂಕಿನದಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ನೀವೇ ಇದ್ದೀರಾ, ನೀವೋ ಪತಿಯೋ ತೆರಿಗೆ ಪಾವತಿದಾರರೆಂದು ದಾಖಲಾಗಿದೆಯೇ ಎಂಬುದನ್ನು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ. ನಾವು ಸುಟ್ಟಿದ್ದು 100, ಆದರೂ ಬಿಲ್ ಬಂದಿದೆ. ಏಕೆ?
– ಓದುಗರು, ಮಂಡ್ಯ

ಉತ್ತರ: 200 ಎಂಬುದು ಗರಿಷ್ಠ ಮಿತಿ, ಪ್ರತಿ ಮನೆಯ ಪಾಲಲ್ಲ. 2022-23ರಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ಶೇ 10 (ಸರಾಸರಿ 48ಕ್ಕಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದ್ದೇ ನಿಮ್ಮ ಪಾಲು. ಸರಾಸರಿ 80 ಇದ್ದರೆ ಪಾಲು 88. 100 ಸುಟ್ಟರೆ 12 ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಕೂಲರ್ ಓಡಿಸುವವರು ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿಕೊಳ್ಳಿ. ಬಾಡಿಗೆ ಮನೆ ಬದಲಿಸುವವರು ಹಳೆಯ ಆರ್‌ಆರ್ ನಂಬರಿನಿಂದ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ತಮ್ಮ ಆಧಾರ್ ಬಿಡಿಸಿದ ಮೇಲೆಯೇ ಹೊಸ ಮನೆಗೆ ಅರ್ಜಿ ಹಾಕಬೇಕು. ಎರಡೂ ಸೇವಾಸಿಂಧುವಿನಲ್ಲೇ ಆಗುತ್ತದೆ.