ಸಂಬಳ 20ನೇ ತಾರೀಖಿಗೇ ಖಾಲಿ: ಸಾಲ ಮೊದಲೋ, ಹೂಡಿಕೆ ಮೊದಲೋ?

ಪ್ರಶ್ನೆ: ನನಗೆ 31 ವರ್ಷ. ಸಂಬಳ ಪರವಾಗಿಲ್ಲ, ಆದರೂ 20ನೇ ತಾರೀಖಿನ ಹೊತ್ತಿಗೆ ಕೈ ಖಾಲಿ. ಕ್ರೆಡಿಟ್ ಕಾರ್ಡ್‌ನಲ್ಲಿ ಎರಡು ತಿಂಗಳ ಸಂಬಳದಷ್ಟು ಬಾಕಿ ಇದೆ. ಪ್ರತಿ ತಿಂಗಳು ಮಿನಿಮಮ್ ಮಾತ್ರ ಕಟ್ಟುತ್ತಿದ್ದೇನೆ. ಗೆಳೆಯರು ‘ಮ್ಯೂಚುವಲ್ ಫಂಡ್ ಶುರು ಮಾಡು, ಸಾಲ ಆಮೇಲೆ ನೋಡಿಕೊಂಡರಾಯ್ತು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಗೆಳೆಯರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಕಾರ್ಡಿನ ಬಿಲ್ ತೆಗೆದು ಬಡ್ಡಿ ಎಷ್ಟಿದೆ ನೋಡಿ. ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಬೇಕು. ತಿಂಗಳಿಗೆ 3% ಎಂದಿದ್ದರೆ ‘ಮೂರೇ ಅಲ್ವಾ’ ಅನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಸುಮಾರು 42.6% ಆಗುತ್ತದೆ. ಇಷ್ಟು ಲಾಭವನ್ನು ವರ್ಷ ವರ್ಷವೂ ಕೊಡುವ ಫಂಡ್ ನಾನಂತೂ ನೋಡಿಲ್ಲ.

ಮಿನಿಮಮ್ ಕಟ್ಟಿದರೆ ಏನಾಗುತ್ತದೆ ಗೊತ್ತಾ? ಬಾಕಿ 100 ಅಂದುಕೊಳ್ಳಿ. ತಿಂಗಳ ಬಡ್ಡಿ 3, ನೀವು ಕಟ್ಟುವುದು ಬಾಕಿಯ 5%. ಅಸಲು ಕರಗುವುದು ಬರೀ 2. ಹೀಗೇ ಒಂದು ವರ್ಷ ಕಟ್ಟಿದರೆ ಕೈಯಿಂದ ಸುಮಾರು 54 ಹೋಗಿರುತ್ತದೆ, ಬಾಕಿ ಇನ್ನೂ 78 ಉಳಿದಿರುತ್ತದೆ! ಅದೂ ಆ ವರ್ಷವಿಡೀ ಕಾರ್ಡ್ ಮುಟ್ಟದಿದ್ದರೆ ಮಾತ್ರ. ಹಳೇ ಬಾಕಿ ಇರುವಾಗ ಹೊಸದಾಗಿ ಏನಾದರೂ ಕೊಂಡರೆ, ಬಹುತೇಕ ಕಾರ್ಡ್‌ಗಳಲ್ಲಿ ಕೊಂಡ ದಿನದಿಂದಲೇ ಬಡ್ಡಿ ಓಡಲು ಶುರುವಾಗುತ್ತದೆ. ಹಾಗಾಗಿ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕಾರ್ಡ್ ನಂಬರ್ ಇವತ್ತೇ ತೆಗೆದುಹಾಕಿ. ಕಡಿಮೆ ಬಡ್ಡಿಯ ಸಾಲ ಸಿಕ್ಕರೆ ಅದರಿಂದ ಕಾರ್ಡ್ ತೀರಿಸುವುದೂ ಒಳ್ಳೆಯ ದಾರಿಯೇ. ಆದರೆ ಕಾರ್ಡ್ ಖಾಲಿಯಾಯಿತು ಅಂತ ಮತ್ತೆ ಉಜ್ಜಿದರೆ ಒಂದರ ಬದಲು ಎರಡು ಸಾಲ.

ಹಾಗಂತ ಇರುವ ದುಡ್ಡನ್ನೆಲ್ಲ ಸಾಲಕ್ಕೇ ಸುರಿಯಬೇಡಿ. ಒಂದು ತಿಂಗಳ ಖರ್ಚಿನಷ್ಟು ಪಕ್ಕಕ್ಕೆ ತೆಗೆದಿಡಿ. ಇಲ್ಲದಿದ್ದರೆ ಗಾಡಿ ಕೆಟ್ಟ ದಿನ, ಜ್ವರ ಬಂದ ದಿನ ಮತ್ತೆ ಕಾರ್ಡೇ ಗತಿ. ಸಾಲ ತೀರಿದ ಮೇಲೆ ಇದನ್ನು ಮೂರರಿಂದ ಆರು ತಿಂಗಳ ಖರ್ಚಿನ ಮಟ್ಟಕ್ಕೆ ಬೆಳೆಸಿಕೊಳ್ಳಿ.

ಇನ್ನು 20ನೇ ತಾರೀಖಿನ ವಿಷಯ. ಹೊಸ ಬಜೆಟ್ ಬರೆಯಲು ಕೂರಬೇಡಿ, ಅದು ಒಂದು ವಾರ ನಡೆದರೆ ಹೆಚ್ಚು. ಬದಲಿಗೆ ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ವರ್ಷಕ್ಕೆ ಒಂದೆರಡು ಸಲ ಬರುವ ಖರ್ಚುಗಳಿಗೆ ಗುರುತು ಹಾಕಿ: ವಿಮೆ ಕಂತು, ಫೀಸು, ರಿಪೇರಿ, ಮದುವೆ ಉಡುಗೊರೆ. ಎಲ್ಲ ಕೂಡಿ 12ರಿಂದ ಭಾಗಿಸಿ. ಅಷ್ಟನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕಿ. ಆ ಖಾತೆಗೆ ಎಟಿಎಂ ಕಾರ್ಡ್ ಬೇಡ. ಅನೇಕರ ದುಡ್ಡು ಸೋರುವುದು ಕಾಫಿಯಲ್ಲಲ್ಲ, ಈ ‘ಅಚಾನಕ್’ ಖರ್ಚುಗಳಲ್ಲಿ. ಸಂಬಳವನ್ನು 50-30-20 ಅಂತ ಅಗತ್ಯ, ಆಸೆ, ಉಳಿತಾಯಕ್ಕೆ ಹಂಚುವ ಸೂತ್ರ ನೀವೂ ಕೇಳಿರುತ್ತೀರಿ. ಬಾಡಿಗೆಯೇ ಅರ್ಧ ಸಂಬಳ ನುಂಗುವವರಿಗೆ ಅದು ಸುಮ್ನೆ ತಲೆನೋವು. 5% ಉಳಿಸಲು ಆಗುವುದಾದರೆ 5ರಿಂದಲೇ ಶುರು ಮಾಡಿ, ಸಂಬಳ ಏರಿದಾಗ ಏರಿಸಿ.

ಪ್ರಶ್ನೆ: ನನಗೆ ಸಾಲ ಇಲ್ಲ. ದುಡ್ಡೆಲ್ಲ ಉಳಿತಾಯ ಖಾತೆಯಲ್ಲೇ ಇದೆ. ಷೇರು ಅಂದರೆ ಭಯ. ಹೀಗೇ ಇಟ್ಟರೆ ತಪ್ಪೇ?

ಉತ್ತರ: ಐದು ವರ್ಷದೊಳಗೆ ಬೇಕಾಗುವ ದುಡ್ಡಾದರೆ ಷೇರಿಗೆ ಹಾಕಲೇಬೇಡಿ. ಠೇವಣಿ ಸಾಕು, ಉಳಿತಾಯ ಖಾತೆಗಿಂತ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. ಅದಕ್ಕಿಂತ ದೂರದ ದುಡ್ಡಿಗೆ ಮಾತ್ರ ಬೆಲೆ ಏರಿಕೆಯ ಭಯ ಇರಬೇಕು. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ ನೋಡಿ. ದರ 6% ಇದ್ದರೆ 12 ವರ್ಷದಲ್ಲಿ ಬೆಲೆಗಳು ದುಪ್ಪಟ್ಟು, ಅಂದರೆ ನಿಮ್ಮ ದುಡ್ಡಿಗೆ ಅರ್ಧ ಸಾಮಾನು.

ಕಂಪನಿ ಆರಿಸುವ ತಲೆಬಿಸಿ ಬೇಡ ಎನ್ನುವವರಿಗೆ ಇಂಡೆಕ್ಸ್ ಫಂಡ್ ಇದೆ. ಸೂಚ್ಯಂಕ ಅಂದರೆ ಸೆನ್ಸೆಕ್ಸ್‌ನಂತೆ ಷೇರುಪೇಟೆಯ ಆಯ್ದ ಕಂಪನಿಗಳ ಪಟ್ಟಿ; ಈ ಫಂಡ್ ಆ ಪಟ್ಟಿಯಲ್ಲಿರುವ ಕಂಪನಿಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತದೆ. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಇದನ್ನು ಸಾಮಾನ್ಯ ಹೂಡಿಕೆದಾರರ ಕೈಗೆ ತಂದರು. ಇದರ ದೊಡ್ಡ ಗುಣ ಎಂದರೆ ಶುಲ್ಕ ಕಡಿಮೆ. ವರ್ಷಕ್ಕೆ 10% ಬೆಳೆದ ದುಡ್ಡು 30 ವರ್ಷದಲ್ಲಿ 17.4 ಪಟ್ಟು ಆಗುತ್ತದೆ. ಅದರಲ್ಲಿ 1% ಶುಲ್ಕಕ್ಕೆ ಹೋಗಿ 9% ಉಳಿದರೆ 13.3 ಪಟ್ಟು ಅಷ್ಟೇ.

ಭಯದ ಬಗ್ಗೆ ಒಂದು ಲೆಕ್ಕ ಮಾಡಿ. ಹಾಕಿದ 100 ನಾಳೆ 70 ಆದರೆ ಮಾರದೇ ಇರುತ್ತೀರಾ? ಇಲ್ಲ ಅನಿಸಿದರೆ ಪೂರ್ತಿ ಹಾಕಬೇಡಿ. ಕಾಲು ಭಾಗ ಹಾಕಿ, ಒಂದು ವರ್ಷ ನೋಡಿ, ಆಮೇಲೆ ಇನ್ನೊಮ್ಮೆ ಬರೆಯಿರಿ.