ಅಜ್ಜಿ ಕೇಳಿದ ಮಾತು ಪುಸ್ತಕದಲ್ಲಿ ಯಾಕಿಲ್ಲ?

ಪ್ರೀತಿಯ ಅಕ್ಕಾ,

ಸಿಂಧನೂರು ಕಡೆಯಿಂದ ನೀವು ಬರೆದ ನಾಲ್ಕು ಪುಟದ ಕಾಗದ ಬಂತು. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಚರ್ಚಿನಲ್ಲಿ ನಮ್ಮ ಬಳ್ಳಾರಿ ಧರ್ಮಕ್ಷೇತ್ರದ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆಯ, ಮುಂದಿನ ದಾರಿ ಏನು ಅಂತ ಸಭೆ ಕರೆದರು. ಮೂವತ್ತು ನಲವತ್ತು ಜನ ಕೂತಿದ್ದಿರಿ. ಫಾದರ್ ಮುಕ್ಕಾಲು ಗಂಟೆ ಮಾತಾಡಿದರು, ಆಮೇಲೆ "ಈಗ ನೀವು ಹೇಳಿ" ಅಂದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿರಿಯರೊಬ್ಬರು ಎದ್ದು "ಫಾದರ್ ಹೇಳಿದಂಗೇ ಆಗ್ಲಿ" ಅಂದರು, ಚಪ್ಪಾಳೆ ಬಿತ್ತು, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಎಲ್ಲರೂ ಮನೆಗೆ ಹೋದಿರಿ. ನಿಮ್ಮ ಪ್ರಶ್ನೆ ಇಷ್ಟು: ತೀರ್ಮಾನ ಅವರದ್ದೇ ಅಂದ ಮೇಲೆ ನಮ್ಮನ್ನು ಕೇಳೋದು ಯಾಕೆ?

ತೀರ್ಮಾನ ಅವರದ್ದೇ, ಅದು ನಿಜ. ನಮ್ಮ ಕ್ಯಾಥೋಲಿಕ್ ಧರ್ಮಸಭೆಯ ಈಗಿನ ಕಾನೂನು 1983ರದ್ದು. ಅದರ 536ನೇ ನಿಯಮದ ಪ್ರಕಾರ ಊರಿನ ಚರ್ಚಿನ ಪಾಲನಾ ಮಂಡಳಿ ಸಲಹೆ ಕೊಡಬಹುದು, ಅಷ್ಟೇ. ಧರ್ಮಕ್ಷೇತ್ರದ ಪಾಲನಾ ಮಂಡಳಿಗೂ ಹಾಗೇ. ಆದರೆ ಅದೇ ಪುಸ್ತಕದ ಉಳಿದ ಪುಟಗಳನ್ನು ನಮಗೆ ಯಾರೂ ಓದಿ ಹೇಳುವುದಿಲ್ಲ, ಅಲ್ವಾ? 212ನೇ ನಿಯಮ ನೋಡಿ. ಧರ್ಮಸಭೆಯ ಒಳಿತಿನ ಬಗ್ಗೆ ತಮಗೆ ಅನಿಸಿದ್ದನ್ನು ಗುರುಗಳಿಗೆ ತಿಳಿಸುವುದು ಶ್ರೀಸಾಮಾನ್ಯರ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಅನ್ನುತ್ತದೆ ಅದು. 537ನೇ ನಿಯಮ ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಫಾದರ್ ನೋಡಿಕೊಳ್ಳುವ ಪ್ರತಿ ಊರ ಚರ್ಚಿನಲ್ಲೂ, ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. ಇದು ಫಾದರ್ ಮನಸ್ಸು ಮಾಡಿದರೆ ಮಾತ್ರ ಅನ್ನುವ ವಿಷಯವೇ ಅಲ್ಲ. ಇನ್ನು 127ನೇ ನಿಯಮ. ಕಾನೂನೇ ಇಂಥವರನ್ನು ಕೇಳಬೇಕು ಅಂತ ಹೇಳಿರುವ ಕಡೆ ಕೇಳದೆ ಮಾಡಿದ ಕೆಲಸ ನಿಲ್ಲುವುದಿಲ್ಲ. ಕೇಳಿದ ಮೇಲೆ ಎಲ್ಲರೂ ಒಂದೇ ಮಾತು ಹೇಳಿದರೂ ಮೇಲಿನವರು ಅದನ್ನು ಒಪ್ಪಲೇಬೇಕು ಅಂತಿಲ್ಲ, ಆದರೆ ಬಲವಾದ ಕಾರಣ ಇಲ್ಲದೆ ಅದನ್ನು ದಾಟಿ ಹೋಗಬಾರದು.

ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿದ ಸಿನಡ್, ಅಂದರೆ ಧರ್ಮಸಭೆ ಕೂತು ಸಮಾಲೋಚಿಸುವ ಸಭೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೋಮಿನಲ್ಲಿ 2023ರಲ್ಲೂ 2024ರಲ್ಲೂ ಕಾರ್ಡಿನಲ್‌ಗಳು, ಬಿಷಪ್‌ಗಳು, ಸಿಸ್ಟರ್‌ಗಳು, ನಮ್ಮಂಥ ಮನೆ ಮಕ್ಕಳಿರುವ ಜನ ದುಂಡು ಮೇಜಿನ ಸುತ್ತ ಒಟ್ಟಿಗೆ ಕೂತರು. ಹೆಂಗಸರಿಗೂ ಮತ ಹಾಕುವ ಅಧಿಕಾರ ಇತ್ತು, ಬಿಷಪ್‌ಗಳ ಸಿನಡ್‌ನಲ್ಲಿ ಹಾಗಾಗಿದ್ದು ಅದೇ ಮೊದಲು. 2024ರ ಅಕ್ಟೋಬರಿನಲ್ಲಿ ಬಂದ ಕೊನೆಯ ದಸ್ತಾವೇಜು ಪಾಲನಾ ಮಂಡಳಿಯಂಥವನ್ನು ಕಡ್ಡಾಯ ಮಾಡಬೇಕು, ಲೆಕ್ಕ ಮುಚ್ಚಿಡಬಾರದು ಅಂತ ಕೇಳಿಕೊಂಡಿತು. ಫ್ರಾನ್ಸಿಸ್ ಅದನ್ನು ತಿದ್ದದೆ ಹಾಗೇ ಒಪ್ಪಿದರು. ಹಾಗಾಗಿ ಸಿಂಧನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ನೀವು ಕೇಳುತ್ತಿರುವುದು ಅಧಿಕಪ್ರಸಂಗ ಅಲ್ಲ ಅಕ್ಕಾ.

ಆದರೂ ನನ್ನ ಚಿಂತೆ ಕಾನೂನಿನದ್ದಲ್ಲ. ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಇಂಥದೇ ಒಂದು ಸಭೆಗೆ ನಾನೂ ಹೋಗಿದ್ದೆ. ಊರಿನ ಹೆಸರು ಬೇಡ. ಸಭೆಯ ಮಾತು ಬರೆದಿಡಲು ಉದ್ದನೆಯ ಗೆರೆ ಹಾಕಿದ ಪುಸ್ತಕ ಇತ್ತು, ಕೆಂಪು ಬೈಂಡು, ಅಂಚಿಗೆ ಎಣ್ಣೆ ಕಲೆ. ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಯ ಕೆಳಗೆ ಎಲ್ಲರ ಸಹಿ ತಗೊಂಡರು. ಒಬ್ಬ ಅಜ್ಜಿ ಇಂಕ್ ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತಿ, ಹಾಳೆಗೆ ಗುರುತು ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೂತರು. ಅರ್ಧ ಗಂಟೆ ಆದ ಮೇಲೆ ಅದೇ ಅಜ್ಜಿ ಕೂತಲ್ಲಿಂದಲೇ ಕೇಳಿದರು: "ನಾ ಸತ್ರ ಎಲ್ಲಿ ಇಡ್ತೀರಿ?" ಆ ಊರಿನಲ್ಲಿ ನಮ್ಮವರನ್ನು ಹೂಳಲು ಜಾಗ ಇರಲಿಲ್ಲ. ಒಬ್ಬರು ತೀರಿಕೊಂಡಾಗಲೆಲ್ಲ ಯಾರದೋ ಹೊಲದ ಬದು, ಯಾರದೋ ಕೈಕಾಲು. ಸಭೆಯೇ ಸುಮ್ಮನಾಯಿತು. ಆಮೇಲೆ ಮಾತು ಬೇರೆ ಕಡೆ ಹೋಯಿತು. ಹೊರಡುವಾಗ ನಾನು ಆ ಪುಸ್ತಕ ಇಸ್ಕೊಂಡು ನೋಡಿದೆ. "ವಿವಿಧ ವಿಷಯಗಳನ್ನು ಚರ್ಚಿಸಲಾಯಿತು" ಅಂತ ಒಂದೇ ಸಾಲು. ಕೆಳಗೆ ನೇರಳೆ ಬಣ್ಣದ ಹೆಬ್ಬೆಟ್ಟು.

ಅವತ್ತಿನಿಂದ ನಾನು ಯಾವ ಸಭೆಗೆ ಹೋದರೂ ಒಂದನ್ನೇ ಕೇಳುತ್ತೇನೆ. ಜನ ಆಡಿದ ಮಾತು ಅವರ ಮಾತಿನಲ್ಲೇ ಬರೆದಿದ್ದೀರಾ? ಬರೆದಿದ್ದಕ್ಕೆ ಯಾರಾದರೂ ಉತ್ತರ ಕೊಟ್ಟಿದ್ದಾರಾ? ಆಗಲ್ಲ ಅನ್ನೋದೂ ಉತ್ತರವೇ, ಯಾಕೆ ಆಗಲ್ಲ ಅಂತ ಹೇಳಿದರೆ. ಬಿಷಪ್ ಸಹಿ ಹಾಕಲಿ, ಫಾದರ್ ತೀರ್ಮಾನ ಮಾಡಲಿ, ಬೇಡ ಅಂದವರು ಯಾರು? ಆ ತೀರ್ಮಾನದ ಹಿಂದೆ ಅಜ್ಜಿಯ ಪ್ರಶ್ನೆ ಇರಬೇಕು.

ಇನ್ನು ಸಭೆಯಲ್ಲಿ ಯಾರು ಇರಲಿಲ್ಲ ಅನ್ನೋದನ್ನು ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. ನಮ್ಮ ರಾಯಚೂರು, ಕೊಪ್ಪಳ ಕಡೆ ಹಿಂಗಾರಿ ರಾಶಿ ಮುಗಿಯಿತು ಅಂದರೆ ಗುಳೆ ಶುರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಮಕ್ಕಳು ಅಜ್ಜಿ ಹತ್ತಿರ. ಬೇಸಿಗೆಯಲ್ಲಿ ಸಭೆ ಕರೆದರೆ ಬರುವವರು ಮುದುಕರು, ನೌಕರಿಯವರು, ಮಾಸ್ತರರು ಮಾತ್ರ. ದುಡಿಯುವ ವಯಸ್ಸಿನ ಅರ್ಧ ಊರು ಇಲ್ಲದಾಗ ನಾವು ಯಾರ ನಾಳೆಯ ಬಗ್ಗೆ ಮಾತಾಡುತ್ತಿದ್ದೇವೆ? ಕ್ರಿಸ್ಮಸ್‌ಗೆ ಅವರೆಲ್ಲ ಊರಿಗೆ ಬರುತ್ತಾರೆ. ಆ ವಾರ ಇಡಿ. ಅದೂ ರಾತ್ರಿ, ಊಟ ಆದ ಮೇಲೆ, ಅವರ ಓಣಿಯಲ್ಲೇ, ಕಟ್ಟೆ ಮೇಲೆ. ಬಿಷಪ್ ಇರುವ ಬಳ್ಳಾರಿಗೆ ಬನ್ನಿ ಅಂದರೆ ರಾಯಚೂರಿನ ಆ ತುದಿಯವರಿಗೆ ಹೋಗಿ ಬರೋದರಲ್ಲೇ ಒಂದು ದಿನದ ಕೂಲಿ ಹೋಯಿತು.

ಅಲ್ಲಿ ಏನು ಮಾತು ಬರುತ್ತದೆ ಅಂತಲೂ ಹೇಳಬಲ್ಲೆ. ಹೂಳುವ ಜಾಗ ಬರುತ್ತದೆ. ಮಕ್ಕಳ ಜಾತಿ ಸರ್ಟಿಫಿಕೇಟು ಬರುತ್ತದೆ, ಯಾಕೆಂದರೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಕ್ರೈಸ್ತ ದಲಿತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸಬೇಕೋ ಬೇಡವೋ ಅಂತ ತಾಯಂದಿರು ರಾತ್ರಿಯೆಲ್ಲ ಯೋಚಿಸುತ್ತಾರೆ. ಕನ್ನಡ, ತೆಲುಗು ಎರಡೂ ಆಡುವ ಗಡಿ ಊರುಗಳಲ್ಲಿ ಯಾವ ಹಾಡು ಹಾಡಬೇಕು ಅನ್ನೋದೂ ಬರುತ್ತದೆ. ಇದೆಲ್ಲ ಸಣ್ಣ ವಿಷಯ, ಧರ್ಮಕ್ಷೇತ್ರದ ಭವಿಷ್ಯ ದೊಡ್ಡದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಒಂದು ಮಾತಿಗೆ ಮಾತ್ರ ನಿಮ್ಮ ಜೊತೆ ಜಗಳ ಇದೆ. "ಫಾದರ್‌ಗಳಿಗೆ ನಮ್ಮ ಮಾತು ಬೇಕಾಗಿಲ್ಲ" ಅಂತ ಬರೆದಿದ್ದೀರಿ. ಎಲ್ಲರೂ ಹಾಗಿಲ್ಲ ಅಕ್ಕಾ. ಭಾನುವಾರ ಒಂದೇ ದಿನ ಮೂರು ಊರಲ್ಲಿ ಪೂಜೆ ಮಾಡಿ, ನಡುವೆ ಬೈಕಿನಲ್ಲೇ ನೀರು ಕುಡಿದು, ಸೋಮವಾರ ಬೆಳಗ್ಗೆ ಶಾಲೆಯ ಫೀಸಿನ ಲೆಕ್ಕಕ್ಕೆ ಕೂರುವ ಫಾದರ್‌ಗಳನ್ನು ನಾನು ನೋಡಿದ್ದೇನೆ. ಊರಿನ ಜನರ ಹೆಸರು ಬಾಯಿಗೆ ಬರುವ ಹೊತ್ತಿಗೆ ವರ್ಗ ಆಗಿರುತ್ತದೆ. ಜನ ಸುಮ್ಮನೆ ಕೂತರೆ ಅವರಿಗೂ ಗೊತ್ತಾಗುವುದಿಲ್ಲ, ಒಪ್ಪಿ ಸುಮ್ಮನಿದ್ದಾರೋ ಬೇಸರದಿಂದ ಸುಮ್ಮನಿದ್ದಾರೋ ಅಂತ. "ಫಾದರ್ ಹೇಳಿದಂಗೇ ಆಗ್ಲಿ" ಅನ್ನೋದು ಗೌರವದ ಮಾತು ಅಂದುಕೊಂಡಿದ್ದೇವೆ. ಆದರೆ ಹಾಗಂದು ಇಡೀ ಹೊರೆಯನ್ನು ಒಬ್ಬರ ತಲೆ ಮೇಲೆ ಇಟ್ಟು ಬರುತ್ತೇವೆ.

ಇನ್ನೊಂದು ನೆನಪಿರಲಿ. ಬಳ್ಳಾರಿ ಧರ್ಮಕ್ಷೇತ್ರ ಆಗಿದ್ದು 1949ರಲ್ಲಿ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ರಾಯಚೂರು, ಕೊಪ್ಪಳ ಹೈದರಾಬಾದಿಗೆ. ಆದರೆ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ನಮ್ಮ ಜನ ಆದಿಲ್‌ಶಾಹಿ ಕಾಲದಿಂದಲೇ ಇದ್ದಾರೆ. ರಾಜ್ಯಗಳು ಬದಲಾದವು, ಜಿಲ್ಲೆಗಳು ಒಡೆದವು, ಗುರುಗಳು ಬಂದರು ಹೋದರು, ಓಣಿಯ ಮನೆಗಳಲ್ಲಿ ಜಪಸರ ನಿಲ್ಲಲಿಲ್ಲ. ಅಷ್ಟು ಹಳೆಯ ಮನೆಯವರು ನಮ್ಮ ಮನೆಯ ಸಭೆಯಲ್ಲೇ ನೆಂಟರ ಹಾಗೆ ಹಿಂದಿನ ಸಾಲಿನಲ್ಲಿ ಕೂರೋದು ಯಾಕೆ?

ಈಗ ನಿಮಗೊಂದು ಕೆಲಸ. ನೀವು ಮಾಸ್ತರಿಕೆ ಮಾಡಿದವರು, ಬರೆಯಲು ಬರುತ್ತದೆ. ನಿಮ್ಮ ಓಣಿಯ ಹತ್ತು ಮನೆಗೆ ಹೋಗಿ, ಗುಳೆ ಹೋದವರಿಗೆ ಫೋನ್ ಹಚ್ಚಿ, ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ವ್ಯಾಕರಣ ನೋಡಬೇಡಿ. ಮೊದಲು ಅದನ್ನು ನಿಮ್ಮ ಫಾದರ್ ಕೈಗೆ ಕೊಡಿ, ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಒಂದು ಪ್ರತಿ ನಮಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ. ಫಾದರ್ ಉತ್ತರ ಬರೆದರೆ ಅದನ್ನೂ ಪಕ್ಕದಲ್ಲೇ, ಒಂದಕ್ಷರ ಕಡಿಮೆ ಮಾಡದೆ ಹಾಕುತ್ತೇವೆ.

ಇಂತಿ,
ಸಂಪಾದಕ