ಶಿರಸಿಯ ಹಿತ್ತಿಲಿನಲ್ಲಿ ಕಂಡದ್ದು ಸಲಮಾಂಡರ್ ಇರಬಹುದೇ?

ಶಿರಸಿಯಲ್ಲಿರುವ ನಿಮ್ಮ ಮನೆಯ ಹಿತ್ತಿಲಿನಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಕಲ್ಲೊಂದನ್ನು ಸರಿಸಿದಾಗ ಹೊಳೆಯುವ ಮೈಯ, ಕೆಂಪು ಬಾಲದ ಸಣ್ಣ ಪ್ರಾಣಿ ಕಂಡಿತೆಂದೂ, ಅದು ಸಲಮಾಂಡರ್ (ಕಪ್ಪೆಯ ಬಳಗದ, ಬಾಲವಿರುವ ಉಭಯವಾಸಿ) ಇರಬಹುದೇ ಎಂದೂ ಕೇಳಿದ್ದೀರಿ. ಇರಲಾರದು. ಭಾರತದಲ್ಲಿ ಸಲಮಾಂಡರ್‌ಗಳಿರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಡಾರ್ಜಿಲಿಂಗ್ ಸುತ್ತಿನ ಜಾತಿಗೆ 2015ರಲ್ಲಿ ಟೈಲೊಟೊಟ್ರೈಟಾನ್ ಹಿಮಾಲಯಾನಸ್ ಎಂಬ ಹೆಸರು ಬಂದಿತು. ಇಷ್ಟೊಂದು ಬಗೆಯ ಕಪ್ಪೆಗಳಿರುವ ನಮ್ಮ ಘಟ್ಟದಲ್ಲಿ ಒಂದೂ ಸಲಮಾಂಡರ್ ಇಲ್ಲವೆಂಬುದನ್ನು ಮೊದಲು ನಾನೂ ನಂಬಿರಲಿಲ್ಲ.

ನೀವು ಕಂಡದ್ದು ಬಹುಶಃ ಹಾವುರಾಣಿಯ ಮರಿ. ಕೆಲವು ಜಾತಿಯ ಹಾವುರಾಣಿಗಳ ಮರಿಗೆ ಬಾಲ ಕೆಂಪಗಿರುತ್ತದೆ. ಅದರ ಹೊಳಪು ತೇವದ್ದಲ್ಲ, ಒತ್ತಾಗಿ ಜೋಡಿಸಿದ ನುಣುಪಾದ ಹುರುಪೆಗಳದ್ದು. ಹಾವುರಾಣಿಗೆ ಬೆರಳ ತುದಿಯಲ್ಲಿ ಉಗುರು, ಕಣ್ಣಿನ ಹಿಂದೆ ಕಿವಿಯ ತೂತು, ಮುಂಗಾಲಿನಲ್ಲಿ ಐದು ಬೆರಳು ಇರುತ್ತವೆ. ಸಲಮಾಂಡರ್‌ಗೆ ಹುರುಪೆಯಾಗಲಿ ಕಿವಿಯ ತೂತಾಗಲಿ ಇರುವುದಿಲ್ಲ, ಮುಂಗಾಲಿನಲ್ಲಿ ಸಾಮಾನ್ಯವಾಗಿ ನಾಲ್ಕೇ ಬೆರಳು. ಹಾವುರಾಣಿ ಕಚ್ಚಿದರೆ ಸಾವೇ ಎಂದು ನಮ್ಮ ಕಡೆ ಹೇಳುವವರಿದ್ದಾರೆ, ಆದರೆ ಅದಕ್ಕೆ ವಿಷವಿಲ್ಲ.

ಪ್ರಾಣಿ ನೀರಿನೊಳಗೇ ಇದ್ದರೆ ಮಾತು ಬೇರೆ. ಒಮ್ಮೆ ಮಳೆಗಾಲದಲ್ಲಿ ತೋಟದ ಕಾದಿಗೆಯಲ್ಲಿ (ಬಸಿಗಾಲುವೆಯಲ್ಲಿ) ನಾಲ್ಕು ಕಾಲು, ಒಂದು ಬಾಲದ ಜೀವಿಯನ್ನು ಕಂಡು ನಾನೇ ಸಂಭ್ರಮಪಟ್ಟಿದ್ದೆ. ಅದು ಬಾಲ ಇನ್ನೂ ಕರಗದ ಕಪ್ಪೆಮರಿಯಾಗಿತ್ತು. ಕಪ್ಪೆಯ ಗೊದಮೊಟ್ಟೆಗೆ ಹಿಂಗಾಲು ಮೊದಲು ಹೊರಬರುತ್ತದೆ, ಸಲಮಾಂಡರ್ ಮರಿಗೆ ಮುಂಗಾಲು. ಜೊತೆಗೆ ಅದರ ಕುತ್ತಿಗೆಯ ಇಕ್ಕೆಲದಲ್ಲಿ ಪುಕ್ಕದಂಥ ಕಿವಿರುಗಳು ಹೊರಚಾಚಿರುತ್ತವೆ.

ನಿಜಕ್ಕೂ ಹುಡುಕಬೇಕಾದದ್ದು ಸಲಮಾಂಡರ್‌ನ ದೂರದ ನೆಂಟನಾದ ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯವಾಸಿಯನ್ನು. ಗೊಬ್ಬರಗುಂಡಿಯ ಅಂಚಿನಲ್ಲಿ, ಅಡಿಕೆ ತೋಟದ ದರಕಿನ (ಉದುರಿದ ಒಣ ಎಲೆಗಳ) ಕೆಳಗಿನ ಹಸಿಮಣ್ಣಿನಲ್ಲಿ ಅದು ಸಿಗುತ್ತದೆ. ಎರೆಹುಳುವೆಂದು ಕೆಲವರು ಬಿಟ್ಟುಬಿಡುತ್ತಾರೆ, ಹಾವೆಂದು ಹಲವರು ಹೊಡೆಯುತ್ತಾರೆ. ಮೈತುಂಬ ಉಂಗುರದಂಥ ಗೆರೆಗಳಿದ್ದು, ಬಾಯಿ, ದವಡೆಗಳು ಸ್ಪಷ್ಟವಾಗಿದ್ದರೆ ಅದು ಎರೆಹುಳುವಲ್ಲ. ಹುರುಪೆಯ ಹೊದಿಕೆಯಿಲ್ಲದೆ ಲೋಳೆಯಿದ್ದರೆ ಹಾವಲ್ಲ. ಇಕ್ಕೆಲದಲ್ಲಿ ಹಳದಿ ಪಟ್ಟೆಯಿದ್ದರೆ ಇಕ್ತಿಯೊಫಿಸ್ ಕುಲದ್ದಿರಬಹುದು. ಅದರ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ.

ಕಪ್ಪೆ, ಸಿಸಿಲಿಯನ್‌ನಂಥ ಉಭಯವಾಸಿಗಳ ಚರ್ಮ ಉಪ್ಪು, ಸಾಬೂನು, ಬ್ಲೀಚಿಂಗ್ ಪುಡಿಯನ್ನು ತಾಳಲಾರದು. ಮುಟ್ಟಲೇಬೇಕಾದರೆ ಬರಿ ನೀರಿನಲ್ಲಿ ಒದ್ದೆ ಮಾಡಿದ ಕೈಯಿಂದ ಮುಟ್ಟಿ, ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಮುಚ್ಚಿ. ನಿಮ್ಮ ಹಿತ್ತಿಲಿನ ಆ ಕೆಂಪು ಬಾಲದ ಪ್ರಾಣಿ ಮತ್ತೆ ಕಂಡರೆ ಬೆನ್ನಿನ ಚಿತ್ರಕ್ಕಿಂತ ತಲೆಯ ಪಕ್ಕದ ಮತ್ತು ಮುಂಗಾಲಿನ ಚಿತ್ರ ಹಾಕಿ.